ಪಿಸಿಲಾ ಬಾಯಿ ಬಿಡದ ಬುಧವಾರ

ನಮ್ಮ ದ್ವೀಪದ ಹೆಸರು ಮೊತುಲಾಹಿ. ಹಾಗೆಂದರೆ ದೊಡ್ಡ ದ್ವೀಪ. ದೊಡ್ಡದು ಅನ್ನುವುದು ಹೆಸರಿಗೆ ಮಾತ್ರ. ಈ ತುದಿಯಲ್ಲಿ ಒಬ್ಬರು ಸೀನಿದರೆ ಆ ತುದಿಯಲ್ಲಿ ಕಷಾಯಕ್ಕೆ ನೀರಿಡುತ್ತಾರೆ. ಮುನ್ನೂರ ಹನ್ನೆರಡು ಜನ, ಎರಡು ಚರ್ಚು, ಒಂದು ಶಾಲೆ, ಒಂದು ಆಸ್ಪತ್ರೆ. ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವಳು ನಾನು. ಆಸ್ಪತ್ರೆಯಲ್ಲಿ ಇರುವವಳು ಪಿಸಿಲಾ. ಇಡೀ ಟೊಂಗಾ ದೇಶದಲ್ಲಿ ಅವಳಷ್ಟು ಹಟಮಾರಿ ನರ್ಸು ಇನ್ನೊಬ್ಬಳಿದ್ದರೆ ಬಂದು ನನ್ನ ಕಿವಿ ಹಿಂಡಿ.

ಅವಳಿಗಿಂತ ಮುಂಚೆ ಇದ್ದ ನರ್ಸಮ್ಮ ಬಲು ಒಳ್ಳೆಯವಳು. ಆ ಒಳ್ಳೆಯತನವೇ ನಮಗೆ ಮುಳುವಾಯಿತು. ಯಾರಿಗೆ ಏನಾದರೂ ಸರಿ, ತನ್ನ ಫೋನಿನಲ್ಲಿ ಫೋಟೋ ತೆಗೆದು ಚರ್ಚಿನ ಗುಂಪಿಗೆ ಹಾಕಿಬಿಡುತ್ತಿದ್ದಳು. ‘ಇಂಥವರ ತೊಡೆಯ ಕುರುವಿಗಾಗಿ ಎಲ್ಲರೂ ಪ್ರಾರ್ಥಿಸಿ’ ಅಂತ ಕೆಳಗೆ ಬರೆಯುತ್ತಿದ್ದಳು. ಭಾನುವಾರ ಪಾದ್ರಿಗಳು ಅದನ್ನೇ ಗಟ್ಟಿಯಾಗಿ ಓದುತ್ತಿದ್ದರು, ನಾವು ಆಮೆನ್ ಅನ್ನುತ್ತಿದ್ದೆವು. ಆಕ್ಲೆಂಡಿನಲ್ಲಿರುವ ನೆಂಟರೂ ಆ ಕುರುವನ್ನು ನೋಡಿ ಹೂವಿನ ಚಿತ್ರ ಕಳಿಸುತ್ತಿದ್ದರು. ಬರಬರುತ್ತಾ ಏನಾಯಿತು ಅಂದರೆ, ಕುರು ಎದ್ದವರು ಕುಂಟುವುದನ್ನೇ ಬಿಟ್ಟರು. ಕೆಮ್ಮು ಬಂದವರು ಅಲೆಯ ಸದ್ದು ಜೋರಿರುವ ದಂಡೆಗೆ ಹೋಗಿ ಕೆಮ್ಮಿ ಬರತೊಡಗಿದರು. ಮೊತುಲಾಹಿಯಲ್ಲಿ ಕಾಯಿಲೆಯೇ ಇಲ್ಲ ಅಂತ ಸರಕಾರದ ಲೆಕ್ಕಕ್ಕೆ ಹೋಯಿತು.

ಪಿಸಿಲಾಳ ಚಿಕ್ಕಮ್ಮ ಫುಸಿ ಎದೆಯಲ್ಲಿ ಗಂಟು ಇಟ್ಟುಕೊಂಡು ಮೂರು ವರ್ಷ ಸುಮ್ಮನಿದ್ದಳು. ‘ನನ್ನೆದೆ ಫೋಟೋ ಊರೆಲ್ಲಾ ಸುತ್ತೋದು ಬೇಡ ಕಣೇ’ ಅಂದಿದ್ದಳು ನನಗೆ. ಸತ್ತಾಗ ನಲವತ್ತೇಳು ವರ್ಷ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಮಗ್ಗಿ ಕಲಿತವಳು. 

ಅದಾದ ಮೇಲೆ ಪಿಸಿಲಾ ತಾನಾಗಿ ಕೇಳಿಕೊಂಡು ಇಲ್ಲಿಗೆ ವರ್ಗ ಮಾಡಿಸಿಕೊಂಡು ಬಂದಳು. ಬರುವಾಗ ರಾಜಧಾನಿಯಲ್ಲಿ ಒಂದು ವಾರದ ತರಬೇತಿ ಮುಗಿಸಿ, ಒಂದು ಟ್ಯಾಬು, ಒಂದು ನೀಲಿ ಪುಸ್ತಕ ತಂದಿದ್ದಳು. ದೂರದ ಡಾಕ್ಟರು ಟ್ಯಾಬಿನ ಪರದೆಯಲ್ಲೇ ರೋಗಿಯನ್ನು ನೋಡುತ್ತಾರಂತೆ. ಹಾಗೆ ನೋಡುವಾಗ ನರ್ಸು ಹೇಗಿರಬೇಕು ಅಂತ ನೀಲಿ ಪುಸ್ತಕದಲ್ಲಿ ಬರೆದಿತ್ತು. ಸ್ವಂತ ಫೋನಿನಲ್ಲಿ ರೋಗಿಯ ಫೋಟೋ ತೆಗೆಯಬಾರದು. ರೋಗಿಯ ವಿಷಯ ಯಾರಿಗೂ ಹೇಳಬಾರದು. ಇಂಥವರು ತನ್ನ ರೋಗಿ ಹೌದೋ ಅಲ್ಲವೋ ಅನ್ನುವುದನ್ನೂ ಹೇಳಬಾರದು. ಫೇಸ್‌ಬುಕ್ಕಿನಲ್ಲಿ ರೋಗಿಗಳ ಸ್ನೇಹ ಇಟ್ಟುಕೊಳ್ಳಬಾರದು.

ಇದನ್ನು ಓದಿದ ಮಹಾತಾಯಿ ಮೊದಲ ದಿನವೇ ಫೇಸ್‌ಬುಕ್ಕಿನಿಂದ ಇಡೀ ದ್ವೀಪವನ್ನು ಕಿತ್ತು ಹಾಕಿದಳು. ಬಿಪಿ ನೋಡಿಸಿಕೊಳ್ಳುತ್ತಿದ್ದಳು ಅಂತ ಹೆತ್ತ ತಾಯಿಯನ್ನೂ ಬಿಡಲಿಲ್ಲ. ಹಲ್ಲುನೋವಿನ ಗುಳಿಗೆ ಕೇಳಿದ್ದಕ್ಕೆ ಗಂಡನೂ ಹೋದ. ಆ ಗಂಡ ನಮ್ಮ ಮನೆಗೆ ಬಂದು ಅಳುಮುಖ ಮಾಡಿಕೊಂಡು ಕೂತ.

‘ಟೀಚರಕ್ಕ, ನಾನೇನು ಮಾಡ್ದೆ ಅಂತ ನನ್ನ ತೆಗೆದ್ಲು?’

‘ಹಲ್ಲು ನೋವು ಅಂದ್ಯಲ್ಲಪ್ಪ, ಅನುಭವಿಸು’ ಅಂದೆ.

ಇಷ್ಟಾದರೂ ಮೊದಲ ಎಂಟು ತಿಂಗಳು ಆಸ್ಪತ್ರೆಗೆ ಒಂದು ನೊಣವೂ ಬರಲಿಲ್ಲ. ‘ನರ್ಸು ಅಂದ ಮೇಲೆ ನರ್ಸೇ, ಇವತ್ತಲ್ಲ ನಾಳೆ ಹೇಳೇ ಹೇಳ್ತಾಳೆ’ ಅಂತ ಜನ ಕಾದರು. ಪಿಸಿಲಾ ದಿನಾ ಬಾಗಿಲು ತೆರೆದು, ಕುರ್ಚಿ ಒರೆಸಿ, ಸಂಜೆ ಬಾಗಿಲು ಹಾಕುತ್ತಿದ್ದಳು. ಒಂದು ದಿನ ನನ್ನ ಹತ್ತಿರ ಹೇಳಿದಳು: ‘ಅಕ್ಕ, ಮೊದಲು ಬರೋ ಒಬ್ಬರ ಗುಟ್ಟು ಉಳಿಸಿದ್ರೆ ಎಲ್ಲರೂ ಬರ್ತಾರೆ. ಅದೊಂದು ಹೊರಗೆ ಬಿತ್ತೋ, ಇನ್ನು ನನ್ನ ಜನ್ಮದಲ್ಲಿ ಯಾರೂ ಬರಲ್ಲ. ಇನ್ನೊಬ್ಬಳು ಫುಸಿ ಚಿಕ್ಕಮ್ಮ ಹೋಗ್ತಾಳೆ.’

ಹಾಗೆ ಮೊದಲು ಬಂದವನು ಕೆಲೆಪಿ.

ಕೆಲೆಪಿ ನಮ್ಮೂರಿನ ಮತಾಪುಲೆ, ಅಂದರೆ ಊರಿನ ಪರವಾಗಿ ಮಾತಾಡುವ ಹಿರಿಯ. ಮದುವೆಯಾಗಲಿ, ಸಾವಾಗಲಿ, ಹಂದಿ ಕೊಡಲಿ, ಚಾಪೆ ತೆಗೆದುಕೊಳ್ಳಲಿ, ಯಾರು ಯಾರ ಮರಿಮಗ ಅಂತ ಏಳು ತಲೆಮಾರು ಒದರಿ ಆಮೇಲೇ ಊಟಕ್ಕೆ ಬಿಡುವವನು. ಅರವತ್ತಾರು ವರ್ಷ, ಗುಡುಗಿನಂಥ ಗಂಟಲು. ಅವನಿಗೆ ಏನಾಗಿತ್ತು? ನನಗೇನು ಗೊತ್ತು! ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಬೇಗ ಆಪರೇಷನ್ ಆಗದಿದ್ದರೆ ಜೀವಕ್ಕೇ ಅಪಾಯವಿತ್ತು, ಗುರುವಾರದ ಹಡಗಿಗೆ ಹೋಗಬೇಕಾದರೆ ಬುಧವಾರ ಡಾಕ್ಟರು ಪರದೆಯಲ್ಲಿ ನೋಡಿ ಚೀಟಿ ಬರೆಯಬೇಕಿತ್ತು, ಮತ್ತು ಅದು ಅವನ ಅಕ್ಕನ ಕಿವಿಗೆ ಬೀಳಲೇಬಾರದಿತ್ತು.

ನಮ್ಮಲ್ಲಿ ಅಕ್ಕ ತಮ್ಮ ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಮೈಯ ವಿಷಯ ಅಕ್ಕನ ಎದುರು ಬಂದರೆ ತಮ್ಮನಾದವನು ಎದ್ದು ಹೋಗಬೇಕು. ಕೆಲೆಪಿಯ ಅಕ್ಕ ಲೆಸಿಯೇಲಿಯಂತೂ ಎಪ್ಪತ್ತರ ಹೆಂಗಸು, ಊರಿಗೆಲ್ಲ ಅತ್ತೆ. ಅವಳು ದಾರಿಯಲ್ಲಿ ಬಂದರೆ ನಾಯಿಗಳೂ ಎದ್ದು ಪಕ್ಕಕ್ಕೆ ಸರಿಯುತ್ತಿದ್ದವು.

‘ಅಕ್ಕಂಗೆ ಗೊತ್ತಾಗೋದಾದ್ರೆ ನಾನು ಹಡಗು ಹತ್ತಲ್ಲ. ಇಲ್ಲೇ ಸಾಯ್ತೀನಿ’ ಅಂದನಂತೆ ಕೆಲೆಪಿ.

ಇಲ್ಲೊಂದು ಪೇಚು. ಆಸ್ಪತ್ರೆಯಲ್ಲಿ ಟ್ಯಾಬಿಗೆ ಸಿಗ್ನಲ್ ಇಲ್ಲ. ನಮ್ಮ ದ್ವೀಪದಲ್ಲಿ ಸಿಗ್ನಲ್ ಬರುವುದು ಒಂದೇ ಕಡೆ, ಸ್ಮಶಾನದ ದಿಬ್ಬದ ಮೇಲೆ; ಫೇಸ್‌ಬುಕ್ಕು, ಚರ್ಚಿನ ಗುಂಪು ನೋಡಬೇಕಾದವರೂ ಅಲ್ಲಿಗೇ ಹತ್ತಬೇಕು. ನೀಲಿ ಪುಸ್ತಕವೋ, ನಾಲ್ಕು ಗೋಡೆ ಇರಬೇಕು, ಹೊರಗಿನವರ ಕಣ್ಣಿಗೆ ಬೀಳಬಾರದು ಅನ್ನುತ್ತದೆ. ಪಿಸಿಲಾ ನನ್ನ ಮನೆಗೆ ಬಂದು ಅಮ್ಮನ ಕಾಲದ ತೊಗಟೆ ಬಟ್ಟೆ ಕೇಳಿದಳು. ಮರದ ತೊಗಟೆ ಬಡಿದು, ಕಪ್ಪು ಕಂದು ಗೆರೆ ಎಳೆದ ದೊಡ್ಡ ಬಟ್ಟೆ ಅದು; ನಾವು ಅದನ್ನು ಪೆಟ್ಟಿಗೆಯಿಂದ ತೆಗೆಯುವುದು ಮದುವೆಗೆ, ಇಲ್ಲ ಸಾವಿಗೆ. ಅದನ್ನು ಕಟ್ಟಿದರೆ ಒಳ್ಳೆಯ ಗೋಡೆಯಾಗುತ್ತದೆ ಅಂದಳು. ನನ್ನ ತಲೆಗಾದರೂ ಹೊಳೆಯಬಾರದೇ? ಮಂಕುಬೂದಿ ಎರಚಿಸಿಕೊಂಡವಳಂತೆ ಕೊಟ್ಟೆ. ಕೊಟ್ಟಿದ್ದಕ್ಕೆ ನನ್ನನ್ನೂ ಸಹಾಯಕಿ ಅಂತ ಬರೆದು, ಬಾಯಿ ಬಿಡುವುದಿಲ್ಲ ಅಂತ ಕಾಗದಕ್ಕೆ ರುಜು ಹಾಕಿಸಿಕೊಂಡಳು.

ಬುಧವಾರ ಸೂರ್ಯ ಹುಟ್ಟುವ ಹೊತ್ತಿಗೆ ಕೆಲೆಪಿಯನ್ನು ಕೈಗಾಡಿಯಲ್ಲಿ ಮಲಗಿಸಿ, ಯಾರೂ ಗುರುತು ಹಿಡಿಯದಿರಲಿ ಅಂತ ಮೇಲೆ ಚಾಪೆ ಹೊದಿಸಿ, ನಾನೂ ಪಿಸಿಲಾಳೂ ತಳ್ಳಿಕೊಂಡು ಹೊರಟೆವು. ಅವನಷ್ಟು ಉದ್ದ ಕಾಲು ಊರಿನಲ್ಲಿ ಇನ್ನೊಬ್ಬರಿಗಿಲ್ಲ. ಎರಡು ಪಾದ ಹೊರಗೆ ಉಳಿದವು. ಕಡಲದಂಡೆಗೆ ಚಿಪ್ಪು ಆರಿಸಲು ಹೊರಟಿದ್ದ ವಿಕಾ ದಾರಿಯ ತಿರುವಿನಲ್ಲಿ ಎದುರಾದಳು. ವಿಕಾ ಅಂದರೆ ನಮ್ಮೂರಿನ ಆಕಾಶವಾಣಿ. ಅವಳು ಗಾಡಿ ನೋಡಿದಳು, ಚಾಪೆ ನೋಡಿದಳು, ಎರಡು ಪಾದ ನೋಡಿದಳು, ಗಾಡಿ ಸ್ಮಶಾನದ ಕಡೆ ತಿರುಗಿದ್ದನ್ನೂ ನೋಡಿದಳು. ಬುಟ್ಟಿ ಅಲ್ಲೇ ಬಿಸಾಕಿ ಓಡಿದಳು.

‘ಪಿಸಿಲಾ, ಕೆಟ್ವಿ’ ಅಂದೆ.

‘ನಾವೇನೂ ಹೇಳಿಲ್ವಲ್ಲ ಅಕ್ಕ’ ಅಂದಳು.

ನಾಲ್ಕು ಕೋಲು ನೆಟ್ಟು ಬಟ್ಟೆ ಕಟ್ಟಿದೆವು. ಕೆಲೆಪಿ ಒಳಗೆ, ಟ್ಯಾಬು ಒಳಗೆ, ಪಿಸಿಲಾ ಬಾಗಿಲಲ್ಲಿ, ನಾನು ಹೊರಗಿನ ಮೂಲೆಯಲ್ಲಿ ಬೆನ್ನು ಮಾಡಿ ಕಾವಲು. ಟ್ಯಾಬು ತೆರೆದರೆ ‘ಡಾಕ್ಟರು ಈಗ ಬರುತ್ತಾರೆ, ದಯವಿಟ್ಟು ಕಾಯಿರಿ’ ಅಂತ ಒಂದು ಹೆಣ್ಣು ದನಿ, ಅದರ ಹಿಂದೆ ಪಿಯಾನೋ ರಾಗ. ಎಂಥಾ ಅಳುಬುರುಕ ರಾಗ ಅಂತೀರಿ! ಗಾಳಿಯಲ್ಲಿ ತೇಲಿಕೊಂಡು ಊರಿನವರೆಗೂ ಹೋಯಿತು. ಸದ್ದು ಕಡಿಮೆ ಮಾಡಿದರೆ ಗಾಳಿಯ ಸದ್ದಿನಲ್ಲಿ ಬಾಗಿಲಲ್ಲಿದ್ದ ಪಿಸಿಲಾಗೆ ಡಾಕ್ಟರು ಬಂದದ್ದೇ ತಿಳಿಯುವುದಿಲ್ಲ.

ಮೊದಲು ಪಾದ್ರಿಗಳು ಬಂದರು. ರಾಗ ಕೇಳಿ ಟೋಪಿ ತೆಗೆದರು.

‘ಪಿಸಿಲಾ, ಒಳಗಿರೋದು ಕೆಲೆಪಿನಾ?’

‘ಹೇಳೋ ಹಾಗಿಲ್ಲ ಪಾದ್ರಿಗಳೇ.’

‘ಯಾವಾಗ ಆಯ್ತಮ್ಮ?’

‘ಏನಾದ್ರೂ ಆಯ್ತು ಅಂತಾನೂ ಹೇಳೋ ಹಾಗಿಲ್ಲ, ಆಗಿಲ್ಲ ಅಂತಾನೂ ಹೇಳೋ ಹಾಗಿಲ್ಲ.’

‘ಉಸಿರು?’

‘ಅದೂ ಹೇಳೋ ಹಾಗಿಲ್ಲ.’

ಪಾದ್ರಿಗಳು ಮರಳಿನ ಮೇಲೆ ಕೂತು ಕಣ್ಣೊರೆಸಿಕೊಂಡರು. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು; ಅರ್ಧ ಗಂಟೆಯಲ್ಲಿ ಊರಿಗೆ ಊರೇ ಕಪ್ಪು ಬಟ್ಟೆ ತೊಟ್ಟು, ಸಾವಿನ ಪದ್ಧತಿಯಂತೆ ಸೊಂಟಕ್ಕೆ ಹರಕು ಚಾಪೆ ಸುತ್ತಿಕೊಂಡು ದಿಬ್ಬ ಹತ್ತಿತು. ಗೆಣಸಿನ ಬುಟ್ಟಿಗಳು ಬಂದವು. ಹಂದಿಗಳು ಬಂದವು. ಕೆಳಗೆ ಮರದ ನೆರಳಲ್ಲಿ ಹಂದಿ ಬೇಯಿಸಲು ಗುಂಡಿ ತೋಡಿ ಕಲ್ಲು ಕಾಯಿಸತೊಡಗಿದರು. ಇನ್ನಿಬ್ಬರು ಗುದ್ದಲಿ ಹಿಡಿದು ನಮ್ಮ ಪಕ್ಕದಲ್ಲೇ ಬೇರೆ ಗುಂಡಿ ಶುರು ಮಾಡಿದರು.

‘ಉದ್ದ ಎಷ್ಟು ಬೇಕು ನರ್ಸಮ್ಮ?’ ಅಂದ ಒಬ್ಬ.

‘ರೋಗಿಯ ಅಳತೆ ಹೇಳೋ ಹಾಗಿಲ್ಲಪ್ಪ.’

‘ಅಂದಾಜಿಗೆ ಹೇಳಿ.’

‘ಅಂದಾಜೂ ಹೇಳೋ ಹಾಗಿಲ್ಲ.’

ಅವನು ನನ್ನ ಮುಖ ನೋಡಿದ. ನಾನು ಸಮುದ್ರ ನೋಡಿದೆ. ನಗು ಒತ್ತಿಬರುತ್ತಿತ್ತು, ತಡೆದೂ ತಡೆದೂ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಹೆಂಗಸರು ಗೊಳೋ ಅಂತ ಅಳಲು ಶುರು ಮಾಡಿದರು.

ಒಳಗಿನಿಂದ ಪಿಸುಮಾತು ಕೇಳಿಸಿತು. ಪಿಸಿಲಾ ಬಟ್ಟೆ ಸರಿಸಿ ತಲೆ ಒಳಗೆ ಹಾಕಿದಳು. ನಾನು ಕೇಳಬಾರದು ಅಂದುಕೊಂಡೆ, ಕಿವಿ ಕೇಳಬೇಕಲ್ಲ.

‘ಹೊರಗೇನೇ ಅದು ಗಲಾಟೆ?’

‘ನಿಮ್ಮ ಮಣ್ಣು, ದೊಡ್ಡಪ್ಪ. ಬದುಕಿದ್ದೀರಿ ಅಂತ ಹೇಳೋಕೆ ಅಪ್ಪಣೆ ಕೊಡಿ. ನೀವು ಕೊಟ್ರೆ ಹೇಳಬಹುದು.’

‘ಬದುಕಿದ್ರೆ ಟ್ಯಾಬಿನ ಮುಂದೆ ಯಾಕೆ ಮಲಗಿದ್ದಾನೆ ಅಂತ ಅಕ್ಕ ಕೇಳ್ತಾಳೆ. ಬೇಡ. ಸತ್ತ ಅಂತಾನೇ ಹೇಳು.’

‘ಸುಳ್ಳು ಹೇಳೋ ಹಾಗಿಲ್ಲ.’

‘ಮತ್ತೇನು ಹೇಳ್ತೀಯೇ?’

‘ಏನೂ ಹೇಳಲ್ಲ.’

‘ಎಷ್ಟು ಹಂದಿ ಬಂದಿವೆ?’ ಅಂದ ಕೆಲೆಪಿ.

‘ಹನ್ನೊಂದು.’

‘ಹ್ಞೂಂ’ ಅಂದ. ಹೆಮ್ಮೆಯ ಹ್ಞೂಂ. ಬಂತಲ್ಲ ಮಾನ ಅನ್ನುವಂತೆ.

ಆಗ ಜನ ಎರಡು ಪಾಲಾಗಿ ದಾರಿ ಬಿಟ್ಟರು. ಲೆಸಿಯೇಲಿ ಬಂದಳು. ತಮ್ಮ ಸತ್ತರೆ ಅಕ್ಕನ ಮಾತೇ ಕೊನೆಯ ಮಾತು. ಹೆಣದ ತಲೆಯ ಬಳಿ ಕೂರುವ ಜಾಗ ಅವಳದು. ಮುಖ ಕಲ್ಲಾಗಿತ್ತು, ಸೊಂಟದ ಚಾಪೆಯನ್ನು ಮಾತ್ರ ಅವಸರದಲ್ಲಿ ಒಳಹೊರಗಾಗಿ ಸುತ್ತಿಕೊಂಡಿದ್ದಳು. ಅದನ್ನು ನೋಡಿ ನನ್ನ ನಗು ಹಾರಿಹೋಯಿತು. ಪಾಪ, ಅವಳ ಪಾಲಿಗೆ ತಮ್ಮ ನಿಜವಾಗಿಯೂ ಸತ್ತಿದ್ದ.

ಪಿಸಿಲಾ ಮರ್ಯಾದೆಗೆ ನೆಲದ ಮೇಲೆ ಕೂತಳು. ಕೂತದ್ದು ಸರಿಯಾಗಿ ಬಾಗಿಲಿಗೆ ಅಡ್ಡವಾಗಿ.

‘ಏಳು. ನನ್ನ ತಮ್ಮನ ತಲೆ ಹತ್ರ ಕೂರಬೇಕು ನಾನು.’

‘ಬಿಡೋ ಹಾಗಿಲ್ಲ ಅತ್ತೆ.’

‘ನನಗೆ? ಬಿಡೋ ಹಾಗಿಲ್ಲ? ನೀನು ಯಾರು ಅಂದ್ಕೊಂಡಿದ್ದೀಯೇ?’

‘ನರ್ಸು ಅತ್ತೆ.’

ಗುದ್ದಲಿಯವರು ಕೈ ನಿಲ್ಲಿಸಿದರು. ಲೆಸಿಯೇಲಿಗೆ ಹಾಗೆ ಎದುರು ಮಾತಾಡಿದವರನ್ನು ನಾನು ನೋಡಿರಲಿಲ್ಲ. ಪಿಸಿಲಾಳ ಹೆತ್ತ ತಾಯಿಯೇ ಗುಂಪಿನಿಂದ ‘ಅಯ್ಯೋ ನನ್ನ ಹೊಟ್ಟೇಲಿ ಯಾಕಾದ್ರೂ ಹುಟ್ದೆ’ ಅಂತ ಕೂಗಿದಳು. ಪಿಸಿಲಾಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಜಾಗ ಮಾತ್ರ ಬಿಡಲಿಲ್ಲ.

‘ಅತ್ತೆ, ಹೊಡೀರಿ, ಬೈಯ್ರಿ. ಒಳಗಿರೋದು ನೀವೇ ಆಗಿದ್ರೂ, ಹೊರಗೆ ಅವರು ನಿಂತಿದ್ರೂ, ನಾನು ಇಲ್ಲೇ ಹೀಗೇ ಕೂತಿರ್ತಿದ್ದೆ.’

ಅಷ್ಟರಲ್ಲಿ ಒಳಗೆ ಪಿಯಾನೋ ನಿಂತು ಡಾಕ್ಟರ ದನಿ ಬಂತು. ಪಿಸಿಲಾ ಒಳಗೆ ನುಗ್ಗಿದಳು. ನುಗ್ಗುವ ಮುಂಚೆ ನನ್ನನ್ನು ಎಳೆದು ಬಾಗಿಲಿಗೆ ಅಡ್ಡ ಕೂರಿಸಿದಳು. ದೇವರೇ, ಲೆಸಿಯೇಲಿಯ ಎದುರಿಗೆ ನಾನು! ಒಳಗೆ ಡಾಕ್ಟರ ಮಾತು ಕೆಲೆಪಿಗೆ ಮಾತ್ರ ಕೇಳುವಂತೆ ಅವನ ಒಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿದಳು. ಹೊರಗೆ ಏನೂ ಕೇಳಲಿಲ್ಲ.

ಒಳಗೆ ಹೀಗಾಗುತ್ತಿದ್ದಾಗ ಹೊರಗೆ ಇನ್ನೊಂದು ಅನಾಹುತ ಶುರುವಾಯಿತು. ಹನ್ನೊಂದು ಹಂದಿ ಬಂದ ಮೇಲೆ ಯಾರಾದರೂ ಕೃತಜ್ಞತೆಯ ಮಾತಾಡಬೇಕಲ್ಲ. ಮಾತಾಡುವವನೇ ಸತ್ತಿದ್ದಾನೆ. ಅವನ ಅಣ್ಣನ ಮಗ ಮೋಸೆಸೆ ಎದ್ದು ನಿಂತ. ಮೂವತ್ತು ವರ್ಷದವನು, ನನ್ನ ಶಿಷ್ಯ, ಇತಿಹಾಸದಲ್ಲಿ ಯಾವತ್ತೂ ಪಾಸಾದವನಲ್ಲ. ಗಂಟಲು ಸರಿಮಾಡಿಕೊಂಡು ಶುರು ಮಾಡಿದ:

‘ನಮ್ಮ ಕೆಲೆಪಿಯವರ ಮುತ್ತಜ್ಜ ಇಬ್ಬರು ಅಣ್ಣತಮ್ಮಂದಿರಲ್ಲಿ ಚಿಕ್ಕವರು. ದೋಣಿ ತಂದವರು ಅವರೇ. ಬಾಳೆಕಂದು ತಂದವರು ದೊಡ್ಡವರು, ಅವರು ಈ ಮೇಲಿನ ಕೇರಿಗೆ...’

‘ಅಲ್ಲವೋ ಕತ್ತೆ!’

ಬಟ್ಟೆಯ ಗೋಡೆ ನಡುಗಿತು.

‘ದೋಣಿ ತಂದವನು ದೊಡ್ಡವನು! ಬಾಳೆಕಂದು ತಂದವನು ಚಿಕ್ಕವನು! ನೂರು ಸಲ ಹೇಳಿದ್ದೀನಿ! ನಾನು ಸತ್ತ ದಿನವೇ ಮೇಲಿನ ಕೇರಿ ಕೆಳಗಿನ ಕೇರಿ ಅದಲು ಬದಲು ಮಾಡ್ತೀಯೇನೋ!’

ಪಾದ್ರಿಗಳ ಕೈಯಿಂದ ಬೈಬಲ್ಲು ಬಿತ್ತು. ಗುಂಡಿಯೊಳಗಿದ್ದವನು ಗುಂಡಿಯಲ್ಲೇ ಕೂತ. ಆಮೇಲೆ ತಿಳಿದದ್ದು: ಆಗಲೇ ಡಾಕ್ಟರು ‘ಆಪರೇಷನ್ನಿಗೆ ಒಪ್ಪಿಗೆಯೇ?’ ಅಂತ ಕೇಳಿದ್ದರಂತೆ. ‘ಅಲ್ಲವೋ ಕತ್ತೆ’ ಕೇಳಿ ಅವರು ಚೀಟಿ ಹರಿಯಲು ಹೋಗಿ, ಪಿಸಿಲಾ ಕೈಮುಗಿದು ತಡೆದಳಂತೆ.

ಪಿಸಿಲಾ ಹೊರಗೆ ಬಂದಾಗ ಮುಖ ಸುಣ್ಣವಾಗಿತ್ತು. ಎಂಟು ತಿಂಗಳು ಕಾದ ಒಂದೇ ಒಂದು ಗುಟ್ಟು ಮುನ್ನೂರು ಜನರ ಮುಂದೆ ಬಾಯಿಬಿಟ್ಟು ಕೂಗಿತ್ತು.

ಲೆಸಿಯೇಲಿ ಅವಳ ಹತ್ತಿರ ಬಂದು ನಿಂತಳು.

‘ಈಗ ಕೂಗಿದ್ದು ಯಾರು?’

‘ಹೇಳೋ ಹಾಗಿಲ್ಲ ಅತ್ತೆ’ ಅಂದಳು ಪಿಸಿಲಾ.

ಲೆಸಿಯೇಲಿ ಅವಳನ್ನು ನೋಡಿದಳು. ಬಟ್ಟೆಯ ಗೋಡೆ ನೋಡಿದಳು. ಆಮೇಲೆ ನಿಧಾನಕ್ಕೆ ಜನರ ಕಡೆ ತಿರುಗಿದಳು.

‘ಯಾರಿಗಾದ್ರೂ ಏನಾದ್ರೂ ಕೇಳಿಸ್ತಾ?’

ಎಲ್ಲರೂ ತಮ್ಮ ತಮ್ಮ ಚಾಪೆಯ ಎಳೆ ಕೀಳತೊಡಗಿದರು.

‘ನನಗಂತೂ ಕೇಳಿಸಲಿಲ್ಲ. ಗಾಳಿ ಜಾಸ್ತಿ ಇವತ್ತು. ಮೋಸೆಸೆ, ದೋಣಿ ತಂದವನು ದೊಡ್ಡವನು ಅಂತ ನಿನಗೇ ಈಗ ಥಟ್ಟಂತ ನೆನಪಾಯ್ತು ಅಲ್ವಾ?’

‘ಆ... ಆಯ್ತು ಅತ್ತೆ.’

‘ಹಾಗಾದ್ರೆ ಸರಿಯಾಗಿ ಹೇಳಿ ಮುಗಿಸು. ಹಂದಿ ಸೀದು ಹೋಗುತ್ತೆ. ವರ್ಷಕ್ಕೊಂದು ಸಲ ಹಿರಿಯರ ಗೋರಿ ಗುಡಿಸೋ ಊಟ ಇದು. ಅಲ್ವಾ ಪಾದ್ರಿಗಳೇ?’

‘ಹೌದು ಹೌದು, ಗೋರಿ ಗುಡಿಸೋದು’ ಅಂದರು ಪಾದ್ರಿಗಳು. ಅಂಥದ್ದೊಂದು ಪದ್ಧತಿ ಅದಕ್ಕೆ ಮುಂಚೆ ನಮ್ಮಲ್ಲಿ ಇರಲಿಲ್ಲ. ಈಗ ಇದೆ. ಪ್ರತಿ ವರ್ಷ ಅದೇ ಬುಧವಾರ ಮಾಡುತ್ತೇವೆ. ಆವತ್ತು ಗಡದ್ದಾಗಿ ಉಂಡು ಎಲ್ಲರೂ ಇಳಿದು ಹೋದರು, ದಿಬ್ಬದ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಲೆಸಿಯೇಲಿ ಎಲೆಯಲ್ಲಿ ಸುತ್ತಿದ ಹಂದಿಯ ಹಿಂದೊಡೆಯೊಂದನ್ನು ಬಟ್ಟೆಯ ಗೋಡೆಯ ಬುಡದಲ್ಲಿ ಇಟ್ಟು, ‘ಇಲ್ಲಿ ಬೆಕ್ಕುಗಳು ಜಾಸ್ತಿ’ ಅಂತ ಯಾರಿಗೋ ಹೇಳಿ ಹೋದಳು. ಬೆಕ್ಕು ಅದನ್ನು ಮೂಳೆ ಸಮೇತ ಮುಗಿಸಿತು.

ಗುರುವಾರ ಬೆಳಿಗ್ಗೆ ಮತ್ತೆ ಕೈಗಾಡಿ, ಮತ್ತೆ ಚಾಪೆ, ಮತ್ತೆ ಆ ಎರಡು ಪಾದ. ಹಡಗುಕಟ್ಟೆಯವರೆಗೆ ತಳ್ಳಿಕೊಂಡು ಹೋಗುವಾಗ ಇಡೀ ಊರು ರಸ್ತೆಯಲ್ಲಿತ್ತು. ಗಂಡಸರು, ಹೆಂಗಸರು, ನನ್ನ ಶಾಲೆಯ ಮಕ್ಕಳು, ಎಲ್ಲರೂ ನಮಗೆ ಬೆನ್ನು ಮಾಡಿ ಸಮುದ್ರದ ಕಡೆ ಮುಖ ಹಾಕಿ ನಿಂತಿದ್ದರು. ವಿಕಾ ಕೂಡ. ಬೆನ್ನು ತಿರುಗಿಸಿದ್ದಷ್ಟೇ ಅಲ್ಲ, ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದಳು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ ಅನ್ನುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ, ಆಗುತ್ತದೆ.

ಕೆಲೆಪಿ ಮೂರು ವಾರಕ್ಕೆ ವಾಪಸು ಬಂದ. ‘ರಾಜಧಾನಿಗೆ ಮೊಮ್ಮಗಳನ್ನ ನೋಡೋಕೆ ಹೋಗಿದ್ದೆ’ ಅಂದ. ‘ಹೌದಾ, ಹೇಗಿದ್ದಾಳೆ?’ ಅಂತ ಎಲ್ಲರೂ ಕೇಳಿದರು. ಮುಂದೆ ಕಾವಾ ಬೇರಿನ ರಸ ಕುಡಿಯುವ ಕೂಟದಲ್ಲಿ ತನ್ನ ಮಣ್ಣಿನ ಕಥೆಯನ್ನು ತಾನೇ ನೂರು ಸಲ ಹೇಳಿ ನಗಿಸಿದ, ಕಾಯಿಲೆಯ ಹೆಸರೊಂದನ್ನು ಬಿಟ್ಟು. ಆಮೇಲೆ ಆರು ವರ್ಷ ಚೆನ್ನಾಗಿ ಬದುಕಿ ನಿಜವಾಗಿ ಸತ್ತ. ಆವತ್ತು ಮೋಸೆಸೆ ದೋಣಿ, ಬಾಳೆಕಂದು ಎರಡನ್ನೂ ಸರಿಯಾಗಿ ಹೇಳಿದ. ಹೇಳಿ ಮುಗಿಸಿ ಎರಡು ನಿಮಿಷ ಪೆಟ್ಟಿಗೆಯ ಕಡೆ ನೋಡುತ್ತಾ ನಿಂತಿದ್ದ.

ತಮ್ಮನನ್ನು ಮಣ್ಣು ಮಾಡಿದ ಮೇಲೆ ಲೆಸಿಯೇಲಿ ಹೆಂಗಸರ ಸಭೆಯಲ್ಲಿ ಎದ್ದು ನಿಂತು ತನ್ನ ಕಥೆ ಹೇಳಿದಳು. ಅವಳದ್ದು, ಅವಳು ಹೇಳಬಹುದು. ಅವಳು ಹೇಳಿದ್ದರಿಂದಲೇ ನಾನೂ ಹೇಳುತ್ತಿದ್ದೇನೆ.

ಆ ಗಲಾಟೆಯ ಮುಂದಿನ ಬುಧವಾರ ಅವಳು ಒಬ್ಬಳೇ ಆಸ್ಪತ್ರೆಗೆ ಹೋದಳಂತೆ. ಬಾಗಿಲು ಹಾಕಿಸಿ, ಒರೆಸಿಟ್ಟ ಆ ಕುರ್ಚಿಯ ಮೇಲೆ ಕೂತಳಂತೆ.

‘ಹನ್ನೊಂದು ಹಂದಿ ಕಡಿದ್ರೂ, ಗುಂಡಿ ತೋಡಿದ್ರೂ, ಅವನು ಸತ್ತಿದ್ದಾನೋ ಬದುಕಿದ್ದಾನೋ ಅಂತ ನೀನು ಬಾಯಿ ಬಿಡಲಿಲ್ಲ’ ಅಂದಳಂತೆ. ಪಿಸಿಲಾಳ ಕೈ ಹಿಡಿದು ತನ್ನ ಎಡ ಎದೆಯ ಮೇಲೆ ಇಟ್ಟುಕೊಂಡಳಂತೆ.

‘ಎರಡು ವರ್ಷ ಆಯ್ತು. ಫುಸಿಗೆ ಇದ್ದದ್ದೂ ಇದೇ ಜಾಗದಲ್ಲೇ ಅಲ್ವಾ?’

ಪಿಸಿಲಾ ಅಳಲಿಲ್ಲವಂತೆ. ಕೈ ತೊಳೆದುಕೊಂಡು ಬಂದು, ಟ್ಯಾಬು ತೆಗೆದುಕೊಂಡು, ‘ಹೊರಡಿ ಅತ್ತೆ, ದಿಬ್ಬಕ್ಕೆ ಹೋಗೋಣ’ ಅಂದಳಂತೆ.

ಲೆಸಿಯೇಲಿಗೆ ಈಗ ಎಂಬತ್ತು ತುಂಬುತ್ತಿದೆ. ನಾಯಿಗಳು ಇವತ್ತಿಗೂ ಎದ್ದು ದಾರಿ ಬಿಡುತ್ತವೆ.

ಆವತ್ತು ಬಾಗಿಲು ದಾಟುವ ಮುಂಚೆ ಅವಳು ಒಂದು ಮಾತು ಕೇಳಿದಳಂತೆ: ‘ಏ ಹುಡುಗಿ, ಇದು ನನ್ನ ತಮ್ಮಂಗೆ ಮಾತ್ರ ಗೊತ್ತಾಗಬಾರದು ನೋಡು.’

ಪಿಸಿಲಾ ಅಂದಳಂತೆ: ‘ನಿಮಗೆ ತಮ್ಮ ಅಂತ ಒಬ್ಬರಿದ್ದಾರೆ ಅನ್ನೋದೇ ನನಗೆ ಗೊತ್ತಿಲ್ಲ ಅತ್ತೆ.’